ಆರ್‌ಎಕ್ಸ್-8ಕ್ಕೆ ಬಿಕ್ಕಳಿಕೆ: ಕಾಯಿಲ್ ಕೊಳ್ಳಲೋ, ಪ್ಲಗ್ ಕೊಳ್ಳಲೋ?

ಹಾಸನದವನು (ಕೋವೆಂಟ್ರಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನೀವೆಲ್ಲ ಬರೆಯುವುದನ್ನು ಓದಿಕೊಂಡು ಸುಮ್ಮನಿದ್ದವನು ಇಂದು ಬಾಯಿ ಬಿಡುತ್ತಿದ್ದೇನೆ. ಸಂಕಟ ಬಂದಾಗ ವೆಂಕಟರಮಣ ಎಂದು ಬೈಯಬೇಡಿ.

ಕಾರು 2006ರ ಮಜ್ದಾ ಆರ್‌ಎಕ್ಸ್-8, ಪಿಸ್ಟನ್ ಬದಲು ಮೂರು ಮುಖದ ರೋಟರ್‌ಗಳು ತಿರುಗುವ ರೋಟರಿ ಎಂಜಿನ್ನಿನದು. ಆರು ಗೇರು, 231 ಅಶ್ವಶಕ್ತಿಯ ಮಾದರಿ, ಕೆಂಪು ಬಣ್ಣ. ಒಟ್ಟು ಓಡಿರುವುದು 68,000 ಮೈಲಿ, ಅದರಲ್ಲಿ ನನ್ನ ಕೈಯಲ್ಲಿ ಓಡಿದ್ದು ಒಂಬತ್ತು ಸಾವಿರದಷ್ಟು. ನನ್ನ ಹೆಂಡತಿ ಇದನ್ನು ‘ನಿಮ್ಮ ಕೆಂಪು ಎಮ್ಮೆ’ ಎನ್ನುತ್ತಾಳೆ. ಮೇವು ಮೂಟೆಗಟ್ಟಲೆ, ಹಾಲು ಪಾವು ಎಂಬುದು ಅವಳ ದೂರು. ಪೆಟ್ರೋಲ್ ಲೆಕ್ಕ ನೋಡಿದರೆ ತಳ್ಳಿಹಾಕುವಂತಿಲ್ಲ.

ಕಳೆದ ಭಾನುವಾರ ಬ್ರಾಡ್‌ವೇ ಊರಿಗೆ ಹೋಗಿದ್ದೆವು. ಅಲ್ಲಿಂದ ಮೇಲಕ್ಕೆ ಹತ್ತುವ ಫಿಶ್ ಹಿಲ್ ಏರನ್ನು ಇಲ್ಲಿರುವವರು ಬಲ್ಲಿರಿ. ಸಣ್ಣಗೆ ಮಳೆ. ಮೂರನೇ ಗೇರಿನಲ್ಲಿ, ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಆಸುಪಾಸಿನಲ್ಲಿ ಕಾಲು ಒತ್ತಿದೆ. ಕಾರು ಮುಗ್ಗರಿಸಿತು. ಮತ್ತೆ ಒತ್ತಿದರೆ ಮತ್ತೆ ಮುಗ್ಗರಿಕೆ. ಹಿಂದಿನ ಸೀಟಿನಲ್ಲಿದ್ದ ಮಗಳು “ಅಪ್ಪ, ಕಾರಿಗೆ ಬಿಕ್ಕಳಿಕೆ ಬಂದಿದೆ, ನೀರು ಕುಡಿಸು” ಎಂದಳು. ಅಷ್ಟರಲ್ಲಿ ಚೆಕ್ ಎಂಜಿನ್ ದೀಪ ಮಿಣಿಮಿಣಿ ಎನ್ನತೊಡಗಿತು. ಕಾಲು ಸಡಿಲಿಸಿ ಮೇಲಿನವರೆಗೆ ತೆವಳಿದೆವು. ದೀಪ ಮಿಣುಕುವುದನ್ನು ಬಿಟ್ಟು ಹಾಗೇ ಉರಿಯುತ್ತ ನಿಂತಿತು. ಇಳಿದು ನೋಡಿದರೆ ಹಿಂದೆ ಹಸಿ ಪೆಟ್ರೋಲಿನ ವಾಸನೆ, ಕಾರಿನ ಹೊಟ್ಟೆಯ ಕೆಳಗಿನಿಂದ ಬಿಸಿ ಕಬ್ಬಿಣದ ವಾಸನೆ.

ಸಹೋದ್ಯೋಗಿಯ ಕೋಡ್ ರೀಡರ್ ಹಾಕಿ ನೋಡಿದೆ. ಪಿ0302 ಎಂಬ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ) ಕೋಡ್ ತೋರಿಸಿತು. ಅಳಿಸಿದೆ. ಎರಡೇ ದಿನಕ್ಕೆ ತವರಿಗೆ ಬಂದಂತೆ ವಾಪಸು ಬಂತು. ಎಂಜಿನ್ ತಣ್ಣಗಿರುವಾಗ ತಕರಾರಿಲ್ಲ. ಬಿಸಿಯಾಗಿ ಭಾರ ಬಿದ್ದಾಗ ಮಿಸ್ಸಿಂಗ್ ಹೊಡೆಯುತ್ತದೆ.

ಮನೆ ಹತ್ತಿರದ ಗ್ಯಾರೇಜಿನವರು ಬಾನೆಟ್ ಎತ್ತಿ, ಇಳಿಸಿ, ಒಂದು ಪಟ್ಟಿ ಬರೆದುಕೊಟ್ಟರು: ನಾಲ್ಕು ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಸುರುಳಿ), ನಾಲ್ಕು ಪ್ಲಗ್ (ಎಂಜಿನ್ನಿನೊಳಗೆ ಆ ಕಿಡಿ ಹಾರಿಸುವುದು), ನಾಲ್ಕು ವೈರ್, “ಬಹುಶಃ” ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ). ಯಾವುದನ್ನೂ ಪರೀಕ್ಷಿಸಲಿಲ್ಲ. ರೋಟರಿ ಎಂಜಿನ್ ಎಂದರೆ ಅವರಿಗೆ ದೂರದಿಂದಲೇ ಕೈಮುಗಿಯುವ ದೇವರು.

ಈಗ ನನ್ನ ಗೊಂದಲ. ಮೂಲ ಕಂಪನಿಯ ಕಾಯಿಲ್ ದುಬಾರಿ. ಆನ್‌ಲೈನಿನಲ್ಲಿ ಹೆಸರಿಲ್ಲದ ಕಾಯಿಲ್‌ಗಳ ಕಟ್ಟು ಸಿಗುತ್ತಿದೆ, ಮೂಲದ ಒಂದರ ದುಡ್ಡಿಗೆ ಅವು ನಾಲ್ಕೂ ಬರುತ್ತವೆ. ಮೊದಲು ಪ್ಲಗ್ ಮಾತ್ರ ಬದಲಿಸಿ ನೋಡಲೇ? ಒಂದೇ ಕಾಯಿಲ್ ಕೆಟ್ಟಿದ್ದರೆ ಒಂದನ್ನೇ ಕೊಂಡರೆ ಸಾಕೇ? ಅಗ್ಗದ ಕಟ್ಟು ಯಾರಾದರೂ ಹಾಕಿ ಬಾಳಿದ್ದೀರಾ? ಮುಂದಿನ ತಿಂಗಳು ಎಂಒಟಿ ಪರೀಕ್ಷೆ (ಬ್ರಿಟನ್ನಿನಲ್ಲಿ ಕಾರು ವರ್ಷಕ್ಕೊಮ್ಮೆ ಪಾಸಾಗಬೇಕಾದ ತಪಾಸಣೆ) ಬೇರೆ ಇದೆ.

ಒಂಬತ್ತು ಸಾವಿರ (ಮಿಷಿಗನ್)

ಎಲ್ಲವನ್ನೂ ಕಿತ್ತೆಸೆಯಿರಿ ಗೆಳೆಯರೇ. ಜನರಲ್ ಮೋಟಾರ್ಸ್‌ನ ಟ್ರಕ್ಕುಗಳಲ್ಲಿ ಬರುವ ಎಲ್‌ಎಸ್ ಕಾಯಿಲ್‌ಗಳನ್ನು ನಾನು ಐದು ವರ್ಷದ ಹಿಂದೆ ಹಾಕಿದೆ. ಬ್ರಾಕೆಟ್, ವೈರಿಂಗ್, ದಪ್ಪ ವೈರ್ ಎಲ್ಲ ಸೇರಿದ ಕಿಟ್ ಸಿಗುತ್ತದೆ. ಗಾತ್ರದಲ್ಲಿ ಮೂಲ ಕಾಯಿಲ್‌ನ ದುಪ್ಪಟ್ಟು ಕಾಣುತ್ತವೆ, ಕಿಡಿಯೂ ಹಾಗೆಯೇ. ಅಂದಿನಿಂದ ಇಂದಿನವರೆಗೆ ಒಂದು ಸಲವೂ ಬಿಕ್ಕಳಿಸಿಲ್ಲ.

ಈ ಎಂಜಿನ್ನಿಗೆ ಕಿಡಿ ಎಷ್ಟಿದ್ದರೂ ಹೆಚ್ಚಲ್ಲ. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಿ ಒಂದೊಂದು ರೋಟರಿಗೆ ಮೂರು ಮೂರು ಪ್ಲಗ್ ಇದ್ದವು. ಮಜ್ದಾದವರಿಗೇ ಗೊತ್ತಿತ್ತು. ನಮಗೆ ಮಾರುವಾಗ ಮಾತ್ರ ಜಿಪುಣತನ.

ಯೆಜ್ಡಿ ಸವಾರ (ಡರ್ಬಿ)

ಹಾಸನದವರೇ, ಮೊದಲು ಒಂದು ಕೆಲಸ: ಕಾರನ್ನು ನಿಲ್ಲಿಸಿಬಿಡಿ. ಕಚೇರಿಗೆ ಬಸ್ಸಿನಲ್ಲಿ ಹೋಗಿ. ಆ ದೀಪ ಸುಮ್ಮನೆ ಉರಿದರೆ ‘ಬಿಡುವಾದಾಗ ನೋಡು’ ಎಂದು ಅರ್ಥ. ಮಿಣುಕಿದರೆ ‘ಕ್ಯಾಟ್ ಸುಡುತ್ತಿದೆ, ಕಾಲು ತೆಗೆ’ ಎಂದು ಅರ್ಥ. ಕಿಡಿ ಬೀಳದೆ ಹೋದಾಗ ಒಳಗಿನ ಪೆಟ್ರೋಲ್ ಹಸಿಹಸಿಯಾಗಿಯೇ ಹೊರಟು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಳ್ಳುತ್ತದೆ. ಒಳಗಿನ ಜೇನುಗೂಡು ಕರಗಿ ದಾರಿ ಕಟ್ಟುತ್ತದೆ. ದಾರಿ ಕಟ್ಟಿದರೆ ಶಾಖ ಹಿಂದಕ್ಕೆ ತಿರುಗಿ ಎಂಜಿನ್ನನ್ನೇ ತಿನ್ನುತ್ತದೆ. ಕಾಯಿಲ್‌ನ ದುಡ್ಡು ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಹೊಟ್ಟೆಯ ಕೆಳಗಿನ ಬಿಸಿ ವಾಸನೆ ಎಂದಿರಲ್ಲ, ಅದು ಇದೇ.

ಈಗ ಕಾಯಿಲ್ ಯಾಕೆ ಸಾಯುತ್ತದೆ ಎಂಬುದು. ನಾನು ಮೈಸೂರಿನವನು. ಐಡಿಯಲ್ ಜಾವಾ ಕಾರ್ಖಾನೆಯ ಸೈರನ್ನಿಗೆ ಕಾಫಿ ಕುಡಿದು ಬೆಳೆದವನು. ನಮ್ಮ ತಂದೆಯ ಯೆಜ್ಡಿ ಎರಡು ಸ್ಟ್ರೋಕಿನದು. ಅದರಲ್ಲಿ ಎಂಜಿನ್ ಒಂದು ಸುತ್ತು ಸುತ್ತಿದರೆ ಒಂದು ಕಿಡಿ. ನಾಲ್ಕು ಸ್ಟ್ರೋಕಿನ ಸಾಮಾನ್ಯ ಕಾರಿನಲ್ಲಿ ಎರಡು ಸುತ್ತಿಗೆ ಒಂದು. ನಿಮ್ಮ ಆರ್‌ಎಕ್ಸ್-8 ಈ ವಿಷಯದಲ್ಲಿ ಯೆಜ್ಡಿಯ ಕಡೆಯದು. ರೋಟರಿಗೆ ಮೂರು ಮುಖ. ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ಕಾಯಿಲ್ ಕಿಡಿ ಕೊಡಬೇಕು. ನಿಮ್ಮ ಮೀಟರಿನ ಮುಳ್ಳು 9,000ಕ್ಕೆ ಹೋದಾಗ ಸೆಕೆಂಡಿಗೆ 150 ಕಿಡಿ. ಅದೇ ವೇಗದಲ್ಲಿ ಪಿಸ್ಟನ್ ಎಂಜಿನ್ನಿನ ಕಾಯಿಲ್‌ಗೆ 75 ಸಾಕು. ದುಡಿಮೆ ಎರಡರಷ್ಟು, ಕೂರಿಸಿರುವುದು ಎಂಜಿನ್ನಿನ ಪಕ್ಕದ ಕುಲುಮೆಯಲ್ಲಿ. ಅದಕ್ಕೇ ನಮ್ಮಲ್ಲಿ ಬಹಳ ಮಂದಿ ಮೂವತ್ತು ಸಾವಿರ ಮೈಲಿಗೊಮ್ಮೆ ನಾಲ್ಕನ್ನೂ ಬದಲಿಸುತ್ತೇವೆ, ಬ್ರೇಕ್ ಪ್ಯಾಡ್ ಬದಲಿಸಿದ ಹಾಗೆ.

ಆದ್ದರಿಂದ ನನ್ನ ತೀರ್ಪು: ಕಾಯಿಲ್ಲೇ. ಬರೆದಿಟ್ಟುಕೊಳ್ಳಿ. ಬಿಸಿಯಾದಾಗ ಬರುವ, ತಣ್ಣಗಾದಾಗ ಹೋಗುವ ಕಾಯಿಲೆ ಕಾಯಿಲ್‌ನದು.

ಆದರೂ ಕೊಳ್ಳುವ ಮೊದಲು ಪರೀಕ್ಷೆ ಮಾಡಿ, ದುಡ್ಡು ಖರ್ಚಿಲ್ಲ. ಪಿ0302 ಎಂದರೆ ಎರಡನೇ ರೋಟರ್, ಹಿಂದಿನದು. ಪ್ರತಿ ರೋಟರಿಗೂ ಎರಡು ಪ್ಲಗ್: ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಒಂದೊಂದಕ್ಕೂ ಬೇರೆ ಕಾಯಿಲ್. ರೋಟರ್ ಯಾವುದೆಂದು ಕೋಡ್ ಹೇಳುತ್ತದೆಯೇ ಹೊರತು ಕಾಯಿಲ್ ಯಾವುದೆಂದು ಹೇಳುವುದಿಲ್ಲ. ಹೆಚ್ಚಿನ ಕೆಲಸ ಲೀಡಿಂಗ್‌ನದು, ಅದು ಕೈಕೊಟ್ಟರೆ ಕಾರು ಬಿಕ್ಕಳಿಸುತ್ತದೆ. ಟ್ರೇಲಿಂಗ್ ಸತ್ತರೆ ಅನೇಕರಿಗೆ ತಿಳಿಯುವುದೇ ಇಲ್ಲ, ಪಿಕಪ್ ಸ್ವಲ್ಪ ಕಡಿಮೆಯಾಯಿತೇನೋ ಎಂದುಕೊಂಡು ತಿಂಗಳುಗಟ್ಟಲೆ ಓಡಿಸುತ್ತಾರೆ. ಹಾಗಾಗಿ ಮುಂದಿನ ರೋಟರಿನ ಲೀಡಿಂಗ್ ಕಾಯಿಲನ್ನೂ ಹಿಂದಿನದರ ಲೀಡಿಂಗ್ ಕಾಯಿಲನ್ನೂ ಅದಲುಬದಲು ಮಾಡಿ. ವೈರನ್ನೂ ಕನೆಕ್ಟರನ್ನೂ ಇದ್ದಲ್ಲೇ ಬಿಡಿ. ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಕಾಗದದ ಟೇಪ್ ಸುತ್ತಿ ಗುರುತು ಹಾಕಿ, ಇಲ್ಲದಿದ್ದರೆ ಸಂಜೆಗೆ ತಲೆ ಕೆಡುತ್ತದೆ. ಆಮೇಲೆ ಹತ್ತು ನಿಮಿಷ ಓಡಿಸಿ. ಕೋಡ್ ಪಿ0301 (ಮುಂದಿನ ರೋಟರ್) ಆದರೆ ಕಳ್ಳ ಸಿಕ್ಕ.

ಮಿಷಿಗನ್ನಿನ ಗೆಳೆಯರ ಕಿಟ್ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಅಂಥ ಬದಲಾವಣೆಯನ್ನು ವಿಮೆಯವರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪಘಾತವಾದ ದಿನ ಅವರು ಅದನ್ನೇ ಹಿಡಿದು ಎಳೆಯುತ್ತಾರೆ. ಕಚೇರಿಗೆ ಹೋಗಿಬರುವ ಕಾರಿಗೆ ಮೂಲದ್ದೇ ಸಾಕು. ಮೂಲ ಕಾಯಿಲ್‌ನ ಭಾಗಸಂಖ್ಯೆ ಎನ್3ಎಚ್1-18-100, ಅದರ ಮುಂದೆ ಒಂದು ಅಕ್ಷರ. ತಿದ್ದುಪಡಿ ಆದಂತೆಲ್ಲ ಅಕ್ಷರ ಮುಂದಕ್ಕೆ ಹೋಗಿದೆ. ‘ಸಿ’ ಇರುವುದನ್ನು ಕೇಳಿ ತೆಗೆದುಕೊಳ್ಳಿ. ‘ಎ’ ಅಥವಾ ‘ಬಿ’ ಎಂದರೆ ಯಾರದೋ ಅಟ್ಟದ ಮೇಲಿನ ಹಳೆಯ ಸರಕು.

ಹೆಸರಿಲ್ಲದ ಕಟ್ಟಿನ ಬಗ್ಗೆ ಕೇಳಿದಿರಿ. ನಾನು ಹಾಕಿದ್ದೆ. ಆರು ತಿಂಗಳಿಗೆ ಒಂದರ ಹೊಟ್ಟೆ ಬಿರಿದು ಒಳಗಿನ ಅಂಟು ಬೆಲ್ಲದ ಪಾಕದಂತೆ ಇಳಿದಿತ್ತು. ಉಳಿದ ಮೂರನ್ನು ನಾನೇ ತೆಗೆದೆ. ಕಾಸಿಗೆ ತಕ್ಕ ಕಜ್ಜಾಯ.

ಪ್ಲಗ್ಗಿನ ವಿಷಯದಲ್ಲಿ ಎರಡೇ ಮಾತು. ಎನ್‌ಜಿಕೆ ಇರಿಡಿಯಂ ಬಿಟ್ಟು ಬೇರೆ ಬೇಡ, ನಂಬಿಕೆಯ ಅಂಗಡಿಯಿಂದ ತನ್ನಿ, ನಕಲಿಗಳ ಕಾಟ ಇದೆ. ಮೇಲಿನದೂ ಕೆಳಗಿನದೂ ಬೇರೆ ಬೇರೆ ಪ್ಲಗ್: ಸಂಖ್ಯೆಯ ತುದಿಯಲ್ಲಿ ‘ಎಲ್’ ಇದ್ದರೆ ಲೀಡಿಂಗ್, ‘ಟಿ’ ಇದ್ದರೆ ಟ್ರೇಲಿಂಗ್. ನನ್ನ ಕಾರಿನಲ್ಲಿ ಕೆಳಗೆ 7, ಮೇಲೆ 9. ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು. ಇನ್ನು, ಹಳೆಯದನ್ನು ಉಜ್ಜಿ ಹಾಕುವ ಯೋಚನೆ ಬಂದರೆ ಕೈ ಕಟ್ಟಿಕೊಳ್ಳಿ. ತಂದೆಯವರು ಯೆಜ್ಡಿಯ ಪ್ಲಗ್ ಬಿಚ್ಚಿ ಎಮರಿ ಕಾಗದದಲ್ಲಿ ತಿಕ್ಕಿ, ಊದಿ, ಬೆಂಕಿಕಡ್ಡಿ ಪೆಟ್ಟಿಗೆಯ ಅಂಚಿನಿಂದ ಸಂದು ಅಳೆದು ಕೂರಿಸುತ್ತಿದ್ದರು. ಭಾನುವಾರದ ಪೂಜೆ ಅದು. ಇರಿಡಿಯಂ ತುದಿ ಸೂಜಿಯಷ್ಟು ಸಣ್ಣದು, ಒಂದು ತಿಕ್ಕಿಗೆ ಹಾಳು.

ಹಾಸನದವನು

ಯೆಜ್ಡಿಯವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಋಣಿ. ಕಾರು ನಿಲ್ಲಿಸಿದ್ದೇನೆ. ಬಸ್ ಪಾಸ್ ಕೊಂಡೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಯಾದವಳು ಹೆಂಡತಿ.

ಒಂದು ಸಂದೇಹ. ನನ್ನಲ್ಲಿ ಮಲ್ಟಿಮೀಟರ್ ಇದೆ. ಕಾಯಿಲ್‌ನ ಓಮ್ ಅಳೆದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲವೇ? ಒಂದು ವಿಡಿಯೊದಲ್ಲಿ ಹಾಗೆ ತೋರಿಸಿದ್ದರು.

ಕಿಡಿ (ಐಂಡ್‌ಹೋವನ್)

ಆ ವಿಡಿಯೊ ಹಳೆಯ ಕಾಲದ ಕಾಯಿಲ್‌ನದಾಗಿರಬೇಕು. ನಾನು ವೃತ್ತಿಯಲ್ಲಿ ಎಲೆಕ್ಟ್ರಾನಿಕ್ಸ್‌ನವಳು, ಐದು ವರ್ಷ ಇದೇ ಕಾರು ಇಟ್ಟುಕೊಂಡಿದ್ದೆ. ಆರ್‌ಎಕ್ಸ್-8ರ ಕಾಯಿಲ್ ಒಳಗೇ ಇಗ್ನೈಟರ್, ಅಂದರೆ ಸುರುಳಿಯ ವಿದ್ಯುತ್ತನ್ನು ಬಿಟ್ಟು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್, ಇದೆ. ಕನೆಕ್ಟರಿನಲ್ಲಿರುವ ಮೂರು ಪಿನ್‌ಗಳಲ್ಲಿ ಒಂದು ಬ್ಯಾಟರಿಯ ವಿದ್ಯುತ್ತಿಗೆ, ಒಂದು ಅರ್ತಿಂಗಿಗೆ, ಒಂದು ಕಂಪ್ಯೂಟರಿನ ಸೂಚನೆಗೆ. ನೀವು ಓಮ್ ಅಳೆದಾಗ ಕಾಣುವುದು ಸುರುಳಿಯಲ್ಲ, ಅದರ ಮುಂದೆ ಕೂತಿರುವ ಟ್ರಾನ್ಸಿಸ್ಟರ್. ಆ ಅಂಕಿಯಿಂದ ಏನನ್ನೂ ನಿರ್ಧರಿಸಬೇಡಿ. ಮೇಲಾಗಿ ಇವು ಕೆಡುವುದು ಬಿಸಿಯಲ್ಲಿ, ನೀವು ಅಳೆಯುವುದು ಮೇಜಿನ ಮೇಲೆ ತಣ್ಣಗಿರುವಾಗ.

ಏರಿನಲ್ಲೇ ಏಕೆ ಮುಗ್ಗರಿಸಿತು ಎಂಬುದಕ್ಕೂ ಕಾರಣವಿದೆ. ಕಾಲು ಒತ್ತಿದಾಗ ಒಳಗೆ ಗಾಳಿ ಹೆಚ್ಚು ತುಂಬಿ ಒತ್ತಿಕೊಂಡಿರುತ್ತದೆ. ಗಾಳಿ ದಟ್ಟವಾದಷ್ಟೂ ಅದನ್ನು ಸೀಳಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಸಂದು ಅಗಲವಾಗಿದ್ದರೆ ಇನ್ನೂ ಹೆಚ್ಚು. ನಿಂತಲ್ಲಿ ಗುರುಗುಡುವಾಗ ಈ ಬೇಡಿಕೆ ಕಡಿಮೆ, ಆದ್ದರಿಂದ ಮನೆಯ ಮುಂದೆ ಪಾಪದ ಹಸುವಿನಂತೆ ನಿಂತಿರುತ್ತದೆ. ಹಳೆಯ ಪ್ಲಗ್ಗಿನ ಜೊತೆ ಹೊಸ ಕಾಯಿಲ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ: ಹೊಸ ಎತ್ತಿಗೆ ಹಳೆಯ ಮುರುಕು ಗಾಡಿ ಕಟ್ಟಿದ ಹಾಗೆ.

ಮಲ್ಟಿಮೀಟರ್ ಬದಲು ಟೈಮಿಂಗ್ ಲೈಟ್ (ವೈರಿನಲ್ಲಿ ಕಿಡಿಯ ವಿದ್ಯುತ್ ಹರಿದಾಗಲೆಲ್ಲ ಮಿನುಗುವ ದೀಪ) ಸಿಕ್ಕರೆ ಎರವಲು ತನ್ನಿ. ಅದರ ಚಿಮಟವನ್ನು ಒಂದೊಂದೇ ಪ್ಲಗ್ ವೈರಿಗೆ ಕಚ್ಚಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರು ಸಾವಿರಕ್ಕೆ ಏರಿಸಿ ಹಿಡಿದು ದೀಪ ನೋಡಿ. ಮಿನುಗು ಒಂದೇ ಸಮನೆ ಬಂದರೆ ಸರಿ. ನಡುನಡುವೆ ಕಣ್ಣು ಹೊಡೆದಂತೆ ತಪ್ಪಿದರೆ ಆ ಕಾಯಿಲ್ ಸುಸ್ತಾಗಿದೆ.

ಇಲ್ಲೊಂದು ಮೋಸ ಇದೆ. ದೀಪ ಮಿನುಗಿತು ಎಂದರೆ ವೈರಿನಲ್ಲಿ ವಿದ್ಯುತ್ ಹರಿಯಿತು ಎಂದಷ್ಟೇ. ಅದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಯಿತೋ, ದಾರಿಯಲ್ಲಿ ಬಿರುಕಿನಿಂದ ಸೋರಿ ಲೋಹಕ್ಕೆ ಹಾರಿತೋ ಅದಕ್ಕೆ ತಿಳಿಯದು. ಸೋರಿಕೆ ಹಿಡಿಯಬೇಕಾದರೆ ಕತ್ತಲಾಗಲು ಬಿಡಿ. ಎಂಜಿನ್ ಓಡುತ್ತಿರುವಾಗ ವೈರ್‌ಗಳ ಮೇಲೆ ನೀರಿನ ಸಣ್ಣ ತುಂತುರು ಹಾಯಿಸಿ ನೋಡಿ. ಕೈ ದೂರ ಇರಲಿ, ಇದು ಸಾವಿರಾರು ವೋಲ್ಟಿನ ವ್ಯವಹಾರ. ಗ್ಯಾರೇಜಿನ ಬಾಗಿಲು ತೆರೆದಿರಲಿ, ಹೊಗೆ ಒಳಗೆ ನಿಲ್ಲಬಾರದು.

ಯೆಜ್ಡಿಯವರೇ, ನಿಮ್ಮ ತೀರ್ಪು ಸ್ವಲ್ಪ ಅವಸರದ್ದೆನಿಸಿತು. ಅಂದು ಮಳೆ ಇತ್ತು ಎಂದು ಅವರು ಬರೆದಿದ್ದಾರೆ.

ಯೆಜ್ಡಿ ಸವಾರ

ಮೇಡಂ, ಇಂಗ್ಲೆಂಡಿನಲ್ಲಿ ಮಳೆ ಇರದ ದಿನ ಯಾವುದು? ಕಾಯಿಲ್ ಎಂದಿದ್ದೇನೆ, ಕಾಯಿಲ್ಲೇ.

ಮೌನಿ (ದುಬೈ)

ಬಿಡಿಭಾಗಕ್ಕೆ ದುಡ್ಡು ಹಾಕುವ ಮೊದಲು ಕಂಪ್ರೆಶನ್ (ಎಂಜಿನ್ ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಎಂಬ) ಪರೀಕ್ಷೆ ಮಾಡಿಸಿ. ಎಂಜಿನ್ ಒಳಗೇ ಸವೆದಿದ್ದರೆ ಚಿನ್ನದ ಕಾಯಿಲ್ ಹಾಕಿದರೂ ಅಷ್ಟೇ. ರೋಟರಿಗೆಂದೇ ಇರುವ ಉಪಕರಣ ಬೇಕು, ಪ್ರತಿ ರೋಟರಿನ ಮೂರು ಮುಖಗಳ ಅಂಕಿ ಬೇರೆ ಬೇರೆಯಾಗಿ ಬರಬೇಕು. 250 ಸುತ್ತಿನ ಲೆಕ್ಕಕ್ಕೆ ಹೊಂದಿಸಿದಾಗ 680 ಕಿಲೋಪಾಸ್ಕಲ್‌ಗಿಂತ ಕೆಳಗಿದ್ದರೆ ಮಜ್ದಾ ಪ್ರಕಾರವೇ ಎಂಜಿನ್ ಮುಗಿದಂತೆ.

ಹಾಸನದವನು

ಹತ್ತು ದಿನ ಆಯಿತು. ನಡೆದದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಶನಿವಾರ ಲೀಡಿಂಗ್ ಕಾಯಿಲ್‌ಗಳನ್ನು ಅದಲುಬದಲು ಮಾಡಿದೆ. ಯೆಜ್ಡಿಯವರು ಹೇಳಿದಂತೆ ಟೇಪ್ ಸುತ್ತಿ ‘ಮುಂದೆ ಕೆಳಗೆ’, ‘ಹಿಂದೆ ಮೇಲೆ’ ಎಂದು ಕನ್ನಡದಲ್ಲೇ ಬರೆದೆ. ಬಿಚ್ಚುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರು ಕಾಯಿಲ್‌ಗಳ ಮೇಲಿನ ಅಕ್ಷರ ‘ಬಿ’, ಒಂದರದು ಮಾತ್ರ ‘ಸಿ’. ಹಿಂದಿನ ಮಾಲೀಕರು ಯಾವಾಗಲೋ ಒಂದನ್ನೇ ಬದಲಿಸಿ ಕೈತೊಳೆದುಕೊಂಡಿದ್ದಾರೆ. ಆ ಹೊಸದು ಇದ್ದದ್ದು ಎಲ್ಲಿ ಎಂದುಕೊಂಡಿರಿ? ಹಿಂದಿನ ರೋಟರಿನ ಲೀಡಿಂಗ್‌ನಲ್ಲೇ. ಅಂದರೆ ಇದೇ ಜಾಗ ಅವರಿಗೂ ಕಾಟ ಕೊಟ್ಟಿತ್ತು.

ಜೋಡಿಸಿ ಹತ್ತಿರದ ಏರಿನಲ್ಲಿ ಎರಡು ಸಲ ಓಡಿಸಿದೆ. ಮುಗ್ಗರಿಸಿತು. ತಕ್ಷಣ ಕಾಲು ತೆಗೆದು ಮನೆಗೆ ಬಂದು ಕೋಡ್ ನೋಡಿದೆ. ಪಿ0302. ಕದಲಿಲ್ಲ! ಕಾಯಿಲ್ ಜಾಗ ಬದಲಿಸಿತು, ಕಾಯಿಲೆ ಬದಲಿಸಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಕಿಡಿಯವರ ಮಾತಿನಂತೆ ಮಾಡಿದೆ. ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಪ್ಲಗ್‌ಗಳು ಇರುವುದು ಅದೇ ಬದಿಯಲ್ಲಿ, ಚಕ್ರದ ಗೂಡಿನೊಳಗಿಂದ ಬಗ್ಗಿ ನೋಡಿದರೆ ನಾಲ್ಕೂ ಕಾಣುತ್ತವೆ. ಎಂಜಿನ್ ಓಡಿಸಿ ದೀಪ ಆರಿಸಿದೆ. ತುಂತುರು ಬಾಟಲಿ ನಮ್ಮ ಮನೆಯ ಕರಿಬೇವಿನ ಗಿಡದ್ದು. ಚಳಿಗಾಲದಲ್ಲಿ ಅದನ್ನು ಕಿಟಕಿಯ ಬಳಿ ಇಟ್ಟು ಹೆಂಡತಿ ದಿನಾ ಎರಡು ಸಲ ನೀರು ಚಿಮುಕಿಸಿ ಬದುಕಿಸಿಕೊಂಡಿದ್ದಾಳೆ. ಕೇಳದೆ ತಂದಿದ್ದೆ.

ಮೊದಲ ಮೂರು ವೈರ್‌ಗಳಲ್ಲಿ ಏನೂ ಇಲ್ಲ. ನಾಲ್ಕನೆಯದಕ್ಕೆ, ಹಿಂದಿನ ಲೀಡಿಂಗ್‌ನದಕ್ಕೆ, ತುಂತುರು ಬಿದ್ದದ್ದೇ ತಡ, ಪ್ಲಗ್ಗಿನ ತಲೆಯನ್ನು ಮುಚ್ಚುವ ರಬ್ಬರ್ ಟೊಪ್ಪಿಯ ಬದಿಯಿಂದ ಎಂಜಿನ್ನಿನ ಲೋಹಕ್ಕೆ ನೀಲಿ ದಾರದಂಥದ್ದು ಟಕ್ ಟಕ್ ಎಂದು ಹಾರತೊಡಗಿತು. ಕತ್ತಲಲ್ಲಿ ಬಟ್ಟೆ ಹೊಲಿಯುವ ಸೂಜಿ ಏರಿಳಿದ ಹಾಗೆ. ಪ್ರತಿ ಸಲ ಹಾರಿದಾಗಲೂ ಎಂಜಿನ್ ಒಮ್ಮೆ ನಡುಗುತ್ತಿತ್ತು. ಮಗಳನ್ನು ಕರೆದು ಬಾಗಿಲ ಬಳಿಯಿಂದಲೇ ತೋರಿಸಿದೆ. “ಬಿಕ್ಕಳಿಕೆ ಕಾಣಿಸ್ತಾ?” ಎಂದೆ. “ಚೆನ್ನಾಗಿದೆ, ಇನ್ನೊಂದು ಸಲ ನೀರು ಹಾಕು” ಎಂದಳು.

ಮಾರನೆಯ ದಿನ ಬೆಳಕಿನಲ್ಲಿ ಟೊಪ್ಪಿ ಬಿಚ್ಚಿದರೆ ಒಳಗೆ ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ. ಹಿಂದಿನ ಮಾಲೀಕರು ಕಾಯಿಲ್ ಬದಲಿಸಿ ವೈರನ್ನು ಹಳೆಯದೇ ಬಿಟ್ಟಿದ್ದರು. ನಾನೂ ಆ ಗ್ಯಾರೇಜಿನ ಪಟ್ಟಿಯ ಮೊದಲ ಸಾಲು ನೋಡಿ ನಾಲ್ಕು ಕಾಯಿಲ್ ಮಾತ್ರ ತಂದಿದ್ದರೆ, ದುಡ್ಡು ಸುರಿದ ಮೇಲೂ ಫಿಶ್ ಹಿಲ್‌ನಲ್ಲಿ ಬಿಕ್ಕಳಿಸುತ್ತಿದ್ದೆ.

ವೈರ್‌ಗಳ ಕಟ್ಟು, ನಾಲ್ಕು ಪ್ಲಗ್ ತಂದೆ. ಹೊರಬಂದ ಪ್ಲಗ್‌ಗಳಲ್ಲಿ ಮೂರು ಕಂದು ಬಣ್ಣ, ಹಿಂದಿನ ಲೀಡಿಂಗ್‌ನದು ಮಾತ್ರ ಒದ್ದೆ ಮಸಿ. ಹೊಸದನ್ನು ಮೊದಲ ಸುತ್ತುಗಳೆಲ್ಲ ಕೈಬೆರಳಲ್ಲೇ ತಿರುಗಿಸಿ ಕೂರಿಸಿದೆ, ಎಂಜಿನ್ನಿನ ಹೌಸಿಂಗ್ ಅಲ್ಯೂಮಿನಿಯಂ ಆದ್ದರಿಂದ ಪ್ಲಗ್ ತಿರುಗಿ ಕೂರುವ ಥ್ರೆಡ್ ಹಾಳಾದರೆ ಗತಿಯಿಲ್ಲ. ಟೊಪ್ಪಿ ಸರಿಯಾಗಿ ಕೂತಾಗ ‘ಕ್ಲಿಕ್’ ಎನ್ನುತ್ತದೆ. ಒಂದು ಹೇಳಲಿಲ್ಲ, ಮತ್ತೆ ಕಿತ್ತು ಕೂರಿಸಿದೆ. ಎರಡು ದಿನ ಏರಿನಲ್ಲಿ ಓಡಿಸಿದರೂ ಕೋಡ್ ಇಲ್ಲ.

ಯೆಜ್ಡಿಯವರೇ, ಬರೆದಿಟ್ಟುಕೊಳ್ಳಿ ಎಂದಿದ್ದಿರಿ. ಬರೆದಿಟ್ಟುಕೊಂಡಿದ್ದೇನೆ.

ಯೆಜ್ಡಿ ಸವಾರ

ಸರಿ, ಮಣ್ಣು ಮುಕ್ಕಿದೆ. ಐಂಡ್‌ಹೋವನ್‌ನ ಮೇಡಂಗೆ ಒಂದು ಕಾಫಿ ನನ್ನ ಲೆಕ್ಕದಲ್ಲಿ.

ಆದರೂ ಮುದುಕನ ಹಟ ಎಂದುಕೊಳ್ಳಿ, ಆ ಮೂರು ‘ಬಿ’ಗಳನ್ನು ನಾನು ನಂಬುವುದಿಲ್ಲ. ನೀವು ಪರೀಕ್ಷಿಸಿದ್ದು ಲೀಡಿಂಗ್ ಮಾತ್ರ. ಟೈಮಿಂಗ್ ಲೈಟ್ ಹಿಡಿದು ಟ್ರೇಲಿಂಗ್‌ಗಳನ್ನೂ ನೋಡಿದಿರಾ? ಅರ್ಧ ಗಂಟೆ ಓಡಿಸಿ ಬಂದು ಬಿಸಿಯಲ್ಲಿ ನೋಡಬೇಕು.

ಬ್ಯಾಟರಿ ಬಿಚ್ಚಿದ್ದರೆ ಇನ್ನೊಂದು ವಿಧಿ ಇದೆ, ಕೇಳಿದವರು ನಗುತ್ತಾರೆ. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಎಂಜಿನ್ ಹಚ್ಚದೆ, ಎಂಟು ಸೆಕೆಂಡಿನೊಳಗೆ ಬ್ರೇಕ್ ಪೆಡಲನ್ನು ಇಪ್ಪತ್ತು ಸಲ ತುಳಿಯಿರಿ. ಆಯಿಲ್ ಪ್ರೆಶರಿನ ಮುಳ್ಳು ಒಮ್ಮೆ ಎದ್ದು ಬೀಳುತ್ತದೆ. ಶಾಫ್ಟಿನ ಸೆನ್ಸರ್ ಬಗ್ಗೆ ಕಂಪ್ಯೂಟರ್ ಕಲಿತದ್ದು ಅಳಿಸಿ, ಹೊಸದಾಗಿ ಕಲಿಯುತ್ತದೆ. ನೆರೆಯವರು ಕಿಟಕಿಯಿಂದ ನೋಡುತ್ತಿದ್ದರೆ ಏನೂ ಆಗಿಲ್ಲವೆಂಬಂತೆ ಕೈ ಬೀಸಿ.

ಕಂಪ್ರೆಶನ್ ಮಾಡಿಸಿದಿರಾ? ದುಬೈಯವರು ಎರಡು ಸಾಲಿನಲ್ಲಿ ಹೇಳಿದ ಮಾತು ನನ್ನ ಪುರಾಣಕ್ಕಿಂತ ತೂಕದ್ದು.

ಹಾಸನದವನು

ಮಾಡಿಸಿದೆ. ರೋಟರಿ ಬಲ್ಲವರ ಬಳಿಗೆ ಒಂದೂವರೆ ಗಂಟೆ ಓಡಿಸಿಕೊಂಡು ಹೋಗಿ, ಬಿಸಿ ಎಂಜಿನ್ನಿನಲ್ಲೇ ಅಳೆಸಿದೆ. ಮುಂದಿನ ರೋಟರ್ 740, 730, 730. ಹಿಂದಿನದು 710, 700, 720. ಕಿಲೋಪಾಸ್ಕಲ್, 250 ಸುತ್ತಿಗೆ ಹೊಂದಿಸಿದ ಅಂಕಿ. ಪಾಸಾಗಿದೆ, ಮೊದಲ ದರ್ಜೆಯಲ್ಲಲ್ಲ. ಅಲ್ಲಿಯವರೇ ಕ್ಯಾಟನ್ನೂ ತಟ್ಟಿ ನೋಡಿದರು, ಒಳಗೆ ಗಲಗಲ ಸದ್ದಿಲ್ಲ. ಪೆಟ್ರೋಲಿಗೆ ಎರಡು ಸ್ಟ್ರೋಕಿನ ಎಣ್ಣೆ ಸ್ವಲ್ಪ ಬೆರೆಸುತ್ತ ಬನ್ನಿ, ರೋಟರಿನ ಸೀಲುಗಳಿಗೆ ಒಳ್ಳೆಯದು ಎಂದರು. ಕೇಳಿದ ತಕ್ಷಣ ನಿಮ್ಮ ಯೆಜ್ಡಿ ನೆನಪಾಯಿತು.

ಟೈಮಿಂಗ್ ಲೈಟನ್ನು ಅವರೇ ಹಿಡಿದರು. ಹಿಂದಿನ ಟ್ರೇಲಿಂಗ್ ಕಾಯಿಲ್ ಬಿಸಿಯಲ್ಲಿ ಕಣ್ಣು ಹೊಡೆಯುತ್ತಿದೆ. ಅರ್ಧ ಮಣ್ಣನ್ನು ಉಗುಳಿಬಿಡಿ.

ಮೂರು ‘ಸಿ’ ಕಾಯಿಲ್‌ಗೆ ಆರ್ಡರ್ ಕೊಟ್ಟಿದ್ದೇನೆ, ಇರುವ ಒಂದು ಸೇರಿ ನಾಲ್ಕಾಗುತ್ತದೆ. ತೆಗೆದ ‘ಬಿ’ಗಳಲ್ಲಿ ಎರಡು ಇನ್ನೂ ಓಡುತ್ತಿವೆ. ಯಾರಿಗಾದರೂ ಬೇಕಿದ್ದರೆ ಅಂಚೆ ಖರ್ಚಿಗೆ ಕಳುಹಿಸುತ್ತೇನೆ.

ಯೆಜ್ಡಿ ಸವಾರ

ಯಾರಿಗೂ ಕಳುಹಿಸಬೇಡಿ. ಡಿಕ್ಕಿಯಲ್ಲಿ ಸ್ಪ್ಯಾನರಿನ ಜೊತೆ ಒಂದನ್ನು ಬಟ್ಟೆ ಸುತ್ತಿ ಇಟ್ಟುಕೊಳ್ಳಿ, ದಾರಿಯಲ್ಲಿ ಕೈಕೊಟ್ಟರೆ ಮನೆ ಸೇರಿಸುತ್ತದೆ. ಇನ್ನೊಂದನ್ನು ಮಗಳಿಗೆ ಕೊಡಿ, ಬಿಚ್ಚಿ ನೋಡಲಿ.

ಕರಿಬೇವಿನ ಬಾಟಲಿ ವಾಪಸು ಇಟ್ಟಿರಾ?

ಹಾಸನದವನು

ಇಟ್ಟೆ. ನಳಿಕೆಗೆ ಗ್ರೀಸ್ ಮೆತ್ತಿದ್ದು ನಾನು ನೋಡಿರಲಿಲ್ಲ, ಅವಳು ನೋಡಿದಳು. ಹೊಸ ಬಾಟಲಿಯೂ ಆರ್ಡರ್ ಆಗಿದೆ.